ಎಳ್ಳ ಅಮಾವಾಸ್ಯೆಗೆ ಬಂದ ಹೈದರಾಬಾದ್ ಟೀಮು

ಆಗ ನನಗೆ ಹನ್ನೊಂದು ವರ್ಷ. ಅದಾಗಿ ಅರವತ್ತು ವರ್ಷದ ಮೇಲಾಯಿತು. ಆ ಕಾಲದಲ್ಲಿ ಭಾಲ್ಕಿಗೆ ರೈಲು ಬಂದದ್ದು ಊರಿಗೆಲ್ಲ ಗೊತ್ತಾಗುತ್ತಿತ್ತು; ಒಣಹಾಕಿದ ಧೋತರದ ಮೇಲೆ ಮಸಿ ಬಂದು ಕೂರುತ್ತಿತ್ತು. ಎಳ್ಳ ಅಮಾವಾಸ್ಯೆ ಬಂದದ್ದೂ ಗೊತ್ತಾಗುತ್ತಿತ್ತು. ಅಂದು ಊರಲ್ಲಿ ನಾಯಿ ಕೂಡ ಉಳಿಯುತ್ತಿರಲಿಲ್ಲ, ಎಲ್ಲರೂ ಹೊಲದಲ್ಲಿ. ಒಂದು ವರ್ಷ ಹೈದರಾಬಾದಿನ ಫುಟ್‌ಬಾಲ್ ಟೀಮು ಸರಿಯಾಗಿ ಅದೇ ದಿನ ರೈಲು ಇಳಿಯಿತು. ಅದನ್ನು ಹೇಳುತ್ತೇನೆ.

ನಮ್ಮ ಹೊಲ ರೈಲು ಹಳಿಯ ಆಚೆ ಇತ್ತು. ಹಳಿಗೆ ಹತ್ತಿಕೊಂಡಂತೆ ಒಂದು ತುಣುಕನ್ನು ಅಪ್ಪ ಬೀಳು ಬಿಟ್ಟಿದ್ದ. ಅಲ್ಲಿ ನಮ್ಮ ಅಣ್ಣ ವಿಠ್ಠಲ ಮತ್ತು ಅವನ ಜೊತೆಯ ಪೋರರು ಬಾಲು ಆಡುತ್ತಿದ್ದರು. ಅವರದೊಂದು ಕ್ಲಬ್ಬು. ಕ್ಯಾಪ್ಟನ್ ದರ್ಜಿಯ ಮಗ ಹಮೀದ. ಇದ್ದದ್ದು ಒಂದೇ ಬಾಲು, ಅದರ ಬ್ಲಾಡರಿಗೆ ಸೈಕಲ್ ಅಂಗಡಿಯ ತೇಪೆ. ನನ್ನನ್ನು ಮೂರನೇ ಇಯತ್ತೆಗೆ ಸಾಲಿ ಬಿಡಿಸಿದ್ದರು. ಅಲ್ಲೇ ಎಮ್ಮೆ ಮೇಯಿಸುತ್ತಿದ್ದೆ. ಒಬ್ಬರಲ್ಲ ಒಬ್ಬರು ಕಡಿಮೆ ಬೀಳುತ್ತಿದ್ದರು. ಆಗ ವಿಠ್ಠಲ ಕೂಗುತ್ತಿದ್ದ, “ಏ ಶಾಂತಿ, ಬಾ, ಗೋಲಿಗಿ ನಿಂದ್ರು.” ನಾನು ಲಂಗ ಸಿಕ್ಕಿಸಿಕೊಂಡು ಹೋಗಿ ನಿಲ್ಲುತ್ತಿದ್ದೆ. ಬಾಲು ಬಂದು ಎದೆಗೆ ಬಡಿಯುವುದು ನನಗೆ ಸೇರುತ್ತಿತ್ತು. ಯಾಕೆ ಎಂದು ಕೇಳಿದರೆ ಹೇಳಲು ಬರುವುದಿಲ್ಲ.

ಆ ವರ್ಷ ದಸರೆಯ ಆಚೀಚೆ ಒಂದು ದಿನ ರೈಲು ನೀರಿಗೆಂದು ನಿಂತಾಗ ಹ್ಯಾಟು ಹಾಕಿದ ಒಬ್ಬ ಸಾಹೇಬರು ಇಳಿದು ಆಟ ನೋಡಿದರು. ಹೈದರಾಬಾದಿನ ಒಂದು ಮಿಲ್ಲಿನ ಟೀಮು ಅವರ ಕೈಯಲ್ಲಿತ್ತು. ಆ ಟೀಮಿನವರಿಗೆ ಆಡುವುದಕ್ಕೇ ಪಗಾರ. ಸಾಹೇಬರು ಹಮೀದನಿಗೆ ಹೇಳಿ ಹೋದರು: ನಿಮ್ಮ ಕ್ಲಬ್ಬು ನಮ್ಮ ಟೀಮಿಗೆ ಜೋಡಿಯಾಗಲಿ. ಬಾಲು, ಬೂಟು ನಾವು ಕೊಡುತ್ತೇವೆ. ತಿಂಗಳಿಗೊಮ್ಮೆ ನಮ್ಮ ಆಟಗಾರನೊಬ್ಬ ಬಂದು ಕಲಿಸುತ್ತಾನೆ. ನಿಮ್ಮಲ್ಲಿ ಒಳ್ಳೆಯವನು ತಯಾರಾದರೆ ಮೊದಲು ನಮಗೆ ಕೊಡಬೇಕು. ಆದರೆ ಪೂರಾ ಟೀಮು ಕಟ್ಟಿ ಒಂದು ಮ್ಯಾಚು ತೋರಿಸಿ. ಆಗದಿದ್ದರೆ ಬೀದರದ ಪೋರರು ಕೇಳುತ್ತಿದ್ದಾರೆ, ಅವರನ್ನು ತೆಗೆದುಕೊಳ್ಳುತ್ತೇವೆ.

ವಿಠ್ಠಲ ಇದನ್ನು ಮನೆಯಲ್ಲಿ ಹೇಳಿದಾಗ ಅಪ್ಪ ಬಾಯಿಯ ತಂಬಾಕು ಉಗುಳಿ ಬಂದು ಕೇಳಿದ, “ಆಡ್ಲಾಕ ಪಗಾರಾ? ಮತ್ತ ದುಡೀಲಾಕ ಏನ್ ಕೊಡ್ತಾರ?”

“ಅಪ್ಪಾ, ಖರೇ ಹೇಳ್ತೇನಿ. ಬೂಟ್ ಕೊಡ್ತಾರಂತ.”

“ಕೊಡ್ಲಿ. ಅವರು ತಗೊಂಡ್ರ ಆ ತುಣುಕು ನಿಮ್ಮ ಆಟಕ್ಕ ಬಿಡ್ತೇನಿ. ತಗೊಳ್ಳಿಲ್ಲಂದ್ರ ಸಂಕ್ರಾಂತಿ ಆದ ಮ್ಯಾಲ ಅದರಾಗ ನೇಗಿಲಾ ಹೊಡೀತೇನಿ. ನೀ ನನ್ನ ಹಿಂದ ಕುಂಟಿ ಹಿಡೀಬೇಕು. ಬಾಲಿನ ಹೆಸರು ತಗೀಬಾರದು.”

ವಿಠ್ಠಲ ಹೂಂ ಎಂದ. ನಾನು ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದೆ. ಆ ತುಣುಕಿನಲ್ಲಿ ನೇಗಿಲು ಹೋದರೆ ನನ್ನದೂ ಹೋಗುತ್ತದೆ ಎಂದು ತಿಳಿಯಿತು. ನನ್ನನ್ನು ಯಾರೂ ಕೇಳಲಿಲ್ಲ.

ಚಳಿ ಹಿಡಿದ ಮೇಲೆ ಒಂದು ದಿನ ರೈಲಿನ ಗಾರ್ಡು ಡಬ್ಬಿಯಿಂದಲೇ ಕೂಗಿದ, “ಸಾಹೇಬ್ರು ಕೇಳ್ಯಾರ, ಬರೋ ಅಮಾಸಿಗಿ ಬರ್ಲೇನು? ಮಿಲ್ಲು ಬಂದ್ ಇರ್ತದಂತ.”

“ಬರ್ರಿ ಅನ್ರೀ!” ಎಂದು ವಿಠ್ಠಲ ಎರಡೂ ಕೈ ಎತ್ತಿ ಕೂಗಿದ. ರೈಲು ಹೋಯಿತು.

ಮನೆಯಲ್ಲಿ ಅವ್ವ ಎಳ್ಳು ಕೇರುತ್ತ ಕೂತಿದ್ದಳು. ಮೊರ ನಿಲ್ಲಿಸಿ ಕೇಳಿದಳು, “ಬರೋ ಅಮಾಸಿ ಅಂದ್ರ ಯಾವ ಅಮಾಸಿಲೇ?”

ವಿಠ್ಠಲ ಮೊರದಲ್ಲಿದ್ದ ಎಳ್ಳನ್ನು ನೋಡಿದ. ಅವನ ಮುಖದ ಬಣ್ಣ ಹೋಯಿತು. ಹೈದರಾಬಾದಿನ ಮಿಲ್ಲಿಗೆ ಎಲ್ಲ ಅಮಾವಾಸ್ಯೆಯೂ ಒಂದೇ. ನಮಗೆ ಹಾಗಲ್ಲ. ಎಳ್ಳ ಅಮಾವಾಸ್ಯೆಯ ದಿನ ಮನೆಯ ಪೋರ ಹೊಲ ಬಿಟ್ಟು ಬಾಲು ಆಡಲು ಹೋಗುತ್ತೇನೆಂದರೆ ಯಾವ ತಂದೆಯೂ ಬಿಡುವುದಿಲ್ಲ. ತಿರುಗಿ ಹೇಳಿ ಕಳಿಸಬೇಕೆಂದರೆ ಆ ಗಾರ್ಡು ಮತ್ತೆ ಈ ಕಡೆ ಬರಲಿಲ್ಲ. ಸಾಹೇಬರ ಮಿಲ್ಲು ಯಾವುದೆಂದು ಹಮೀದನಿಗೂ ನೆಟ್ಟಗೆ ಗೊತ್ತಿರಲಿಲ್ಲ. ಮೇಲಾಗಿ ಗೋಲಿಗೆ ನಿಲ್ಲುವ ಪೋರ ಸೋದರಮಾವನ ಹೊಲಕ್ಕೆಂದು ಔರಾದ ಕಡೆಯ ಠಾಣಾ ಕುಶನೂರಿಗೆ ಬಸ್ಸು ಹತ್ತಿ ಹೋಗಿಬಿಟ್ಟ. ಉಳಿದವರಿಗೆ ವಿಠ್ಠಲ ಮನೆಮನೆಗೆ ಹೋಗಿ ಹೇಳಿದ: ನಿಮ್ಮ ನಿಮ್ಮ ಹೊಲದ ಪೂಜೆ ಮುಗಿಸಿ, ಉಂಡು, ನಮ್ಮ ಹೊಲಕ್ಕೆ ಬನ್ನಿ.

ಅಮಾವಾಸ್ಯೆಯ ಬೆಳಿಗ್ಗೆ ಮಂಜು ಬಿದ್ದಿತ್ತು. ಬಂಡಿಯಲ್ಲಿ ಕೂತರೆ ಮುಂದಿನ ಬಂಡಿ ಕಾಣದು, ಗೆಜ್ಜೆ ಮಾತ್ರ ಕೇಳುತ್ತದೆ. ಮಂಜಿನ ಒಳಗಿಂದ ಜೋಳದ ತೆನೆ ಒಂದೊಂದೇ ಮೇಲೆ ಬರುತ್ತಿತ್ತು. ಬಂಡಿಯ ತುಂಬ ವಾಸನೆ. ಭಜ್ಜಿ ಮಾಡಿದ ದೊಡ್ಡ ಪಾತ್ರೆ ಇನ್ನೂ ಬಿಸಿ ಇತ್ತು, ಅದಕ್ಕೆ ಬೆನ್ನು ಹಚ್ಚಿ ಕೂತಿದ್ದೆ. ಅವರೆಕಾಳು, ಕಡಲೆ, ತೊಗರಿ, ಹತ್ತಾರು ಸೊಪ್ಪು, ಹುಣಸೆ, ಬೆಳ್ಳುಳ್ಳಿ ಎಲ್ಲ ಕೂಡಿ ಕುದಿದ ವಾಸನೆ. ಅಂಬಲಿಯ ಗಡಿಗೆಗೆ ಬಟ್ಟೆ ಕಟ್ಟಿತ್ತು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ. ಹೊಲದಲ್ಲಿ ಅಪ್ಪ ಜೋಳದ ದಂಟಿನ ಕೊಂಪೆ ಹಾಕಿದ್ದ. ಒಳಗೆ ಸುಣ್ಣ ಹಚ್ಚಿದ ಐದು ಕಲ್ಲು, ಅವು ಪಾಂಡವರು. ಹಾಲು ಉಕ್ಕಿಸಬೇಕು, ಆಮೇಲೆ ಹೊಲದ ಸುತ್ತ ಚರಗ, ಎಂದರೆ ಭೂಮಿತಾಯಿಗೆ ಎಡೆಯ ಅಡುಗೆ, ಚೆಲ್ಲಬೇಕು. ಅಪ್ಪನ ಹಿಂದೆ ಬುಟ್ಟಿ ಹಿಡಿದು ಹೋಗುವವನು ಹಿರಿ ಮಗ. ಅಷ್ಟರಲ್ಲಿ ರೈಲಿನ ಸಿಳ್ಳು ಕೇಳಿತು.

ವಿಠ್ಠಲ ಕಾಲು ಬದಲಿಸುತ್ತ ನಿಂತ. ಬುಟ್ಟಿ ಬಿಡುವಂತಿಲ್ಲ. ನನ್ನ ಕಿವಿಯಲ್ಲಿ ಹೇಳಿದ, “ಶಾಂತಿ, ಓಡು. ಟೇಶನ್‌ದಾಗಿಂದ ಸೀದಾ ಕರ್ಕೊಂಡು ಬಾ. ದಾರ್ಯಾಗ ಯಾರ ಹೊಲದಾಗೂ ಕಾಲ್ ಇಡಸಬ್ಯಾಡ. ಉಣ್ಣಾಕ ಕುಂತ್ರು ಅಂದ್ರ ನಮ್ಮ ಕತಿ ಮುಗೀತು.”

ಸ್ಟೇಷನ್ನಿನಲ್ಲಿ ಬೇರೆ ಯಾರೂ ಇರಲಿಲ್ಲ. ರೈಲು ಹೋಗಿತ್ತು. ಮಂಜಿನಲ್ಲಿ ದೊಡ್ಡ ದೊಡ್ಡ ಗಂಡಸರು ಸಾಲಾಗಿ ನಿಂತಿದ್ದರು. ಒಬ್ಬನ ಹೆಗಲ ಮೇಲೆ ಬಲೆಯ ಚೀಲ, ಅದರಲ್ಲಿ ಹೊಸ ಬಾಲುಗಳು. ಅಷ್ಟು ಹೊಸ ತೊಗಲನ್ನು ನಾನು ನೋಡಿರಲಿಲ್ಲ. ಸಾಹೇಬರು ಹ್ಯಾಟು ತೆಗೆದು ತಲೆ ಕೆರೆದುಕೊಂಡರು.

“ಕ್ಯಾ ಅಮ್ಮಾ, ಗಾಂವ್ ಕಾಂ ಗಯಾ?” ಊರು ಎಲ್ಲಿಗೆ ಹೋಯಿತು ಎಂದು ನನ್ನನ್ನೇ ಕೇಳಿದರು.

“ಊರು ಹೊಲಕ್ಕ ಹೋಗ್ಯಾದ್ರಿ” ಎಂದೆ. “ನಡೀರಿ, ನಾ ಕರ್ಕೊಂಡು ಹೋಗ್ತೇನಿ.”

ಎಲ್ಲರಿಗಿಂತ ಎತ್ತರದವನೊಬ್ಬ ಜೋರಾಗಿ ನಕ್ಕ. ಅವನು ಯಾದಯ್ಯ, ಟೀಮಿನ ಗೋಲ್‌ಕೀಪರ್. ಜಹೀರಾಬಾದ ಕಡೆಯವನು, ಮುರುಕು ಕನ್ನಡ ಬರುತ್ತಿತ್ತು. “ನೀನೇ ಕ್ಯಾಪ್ಟನ್ ಏನಮ್ಮಾ?” ಎಂದ.

“ಕ್ಯಾಪ್ಟನ್ ಉಣ್ಲಾಕತ್ಯಾನ್ರಿ.”

ಹಳಿ ದಾಟಿದ ಮೇಲೆ ಮಂಜು ಹರಿಯಿತು. ಮೊದಲ ಹೊಲದಲ್ಲೇ ಒಬ್ಬ ಮುದುಕ ದಾರಿಗೆ ಅಡ್ಡ ಬಂದು ನಿಂತ. ಎಳ್ಳ ಅಮಾವಾಸ್ಯೆಯ ದಿನ ಹೊಲದ ಮುಂದೆ ಹಾದುಹೋಗುವವನನ್ನು ಕರೆಯದಿದ್ದರೆ ಹೊಲಕ್ಕೆ ಕೆಡುಕು. ಕರೆದರೂ ಉಣ್ಣದೆ ಹೋದರೆ ಅದಕ್ಕಿಂತ ಕೆಡುಕು.

“ಬರ್ರಿ ಬರ್ರಿ, ಕುಂದರ್ರಿ.”

“ತಡಾ ಆಗ್ತದ ಮುತ್ಯಾ, ಇವರು ಆಟಾ ಆಡವ್ರು ಅದಾರ” ಎಂದೆ.

“ಆಡವ್ರಿಗಿ ಹೊಟ್ಟಿ ಇರಂಗಿಲ್ಲೇನು? ಬಾಯಿ ಮುಚ್ಚು, ಪೋರಿ.”

ಕೂತರು. ಉಂಡರು. ಭಜ್ಜಿಯ ರುಚಿ ಕಂಡ ಮೇಲೆ ಅವರಿಗೆ ಅವಸರ ಉಳಿಯಲಿಲ್ಲ. ಮುಂದಿನ ಹೊಲದವರು ನೋಡುತ್ತಿದ್ದರು, ಅವರೂ ಅಡ್ಡ ಬಂದರು. ಅದರ ಮುಂದಿನವರೂ ಬಂದರು. ಯಾದಯ್ಯ ಪ್ರತಿ ಹೊಲದಲ್ಲೂ ಅಂಬಲಿ ಕುಡಿದು ಮೀಸೆ ಒರೆಸಿಕೊಳ್ಳುತ್ತಿದ್ದ. ಹೈದರಾಬಾದಿನಲ್ಲಿ ಸಾವಿರ ಜನ ಕೂಗಿದರೂ ಇವರು ತಿರುಗಿ ನೋಡುವುದಿಲ್ಲ ಎಂದು ಹಮೀದ ಹೇಳುತ್ತಿದ್ದ. ಇಲ್ಲಿ ಒಬ್ಬ ಮುದುಕಿ “ಇನ್ನೊಂದು ರೊಟ್ಟಿ, ಮಗಾ” ಎಂದರೆ ತಟ್ಟೆ ಮುಂದೆ ಮಾಡುತ್ತಿದ್ದರು. ನಮ್ಮ ಹೊಲಕ್ಕೆ ಬರುವ ಹೊತ್ತಿಗೆ ಸೂರ್ಯ ನೆತ್ತಿಯ ಮೇಲಿದ್ದ. ಅಲ್ಲಿ ಅವ್ವ ಎಲೆ ಹಾಕಿ ಕಾಯುತ್ತಿದ್ದಳು. ಅವ್ವನಿಗೆ ಬೇಡ ಎನ್ನುವ ಧೈರ್ಯ ಸಾಹೇಬರಿಗೂ ಇರಲಿಲ್ಲ.

ಉಂಡು ಎದ್ದವರು ನಾಲ್ಕು ಹೆಜ್ಜೆ ನಡೆದರು. ತೊಗರಿಯ ನೆರಳು ಕಂಡಿತು. ಒಬ್ಬ ಕೂತ. ಇನ್ನೊಬ್ಬ ಬೂಟು ಬಿಚ್ಚಿದ. ನೋಡುನೋಡುತ್ತ ಎಲ್ಲರೂ ಮಲಗಿದರು.

ಅಷ್ಟು ಜನ ಗಂಡಸರು ಹಗಲಲ್ಲಿ ಒಟ್ಟಿಗೆ ಮಲಗಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಅವರ ಹೊಟ್ಟೆ ಏರುತ್ತಿತ್ತು, ಇಳಿಯುತ್ತಿತ್ತು. ಸಾಹೇಬರ ಹ್ಯಾಟು ಮುಖದ ಮೇಲಿತ್ತು, ಅದರ ಮೇಲೊಂದು ಹಸಿರು ಮಿಡತೆ. ಅಗಸೆಯ ನೀಲಿ ಹೂ ಅವರ ಕಾಲ ಬಳಿ ಅಲುಗುತ್ತಿತ್ತು. ದೂರದ ಹೊಲದಲ್ಲಿ ಯಾರೋ ಹೆಂಗಸರು ಹಾಡುತ್ತಿದ್ದರು, ಗಾಳಿ ಬಂದಾಗ ಕೇಳುತ್ತಿತ್ತು, ನಿಂತಾಗ ಇಲ್ಲ. ನಮ್ಮ ಎತ್ತುಗಳೂ ಮಲಗಿದ್ದವು. ಹಳಿಯೂ ಬಿಸಿಲಿಗೆ ಮಲಗಿದಂತೆ ಕಾಣುತ್ತಿತ್ತು. ನನಗೂ ಕಣ್ಣು ಎಳೆಯಿತು. ಇದೆಲ್ಲ ಹೀಗೇ ಇರಬಹುದು, ಸಂಜೆ ಆಗದೆ ಇರಬಹುದು ಎನಿಸಿತು.

ಆದರೆ ಆಗುತ್ತಿತ್ತು. ತೊಗರಿಯ ನೆರಳು ಮಲಗಿದವರ ಕಾಲು ಬಿಟ್ಟು ಆಚೆ ಸರಿದಿತ್ತು. ನಮ್ಮ ಪೋರರು ಒಬ್ಬೊಬ್ಬರಾಗಿ ಬಂದು ಕುಕ್ಕರುಗಾಲಲ್ಲಿ ಕೂತಿದ್ದರು. ಅವರೂ ತುಂಬ ಉಂಡಿದ್ದರು. ಹಮೀದ ಹೇಳಿದ, “ಸಂಜಿ ಗಾಡಿಗಿ ಅವರು ಹೋಗ್ತಾರ. ಈಗ ಏಳ್ಲಿಲ್ಲಂದ್ರ ಬೀದರದವ್ರಿಗಿ ಪೇಢಾ ಹಂಚ್ಬೇಕಾಗ್ತದ.”

ವಿಠ್ಠಲ ಎಬ್ಬಿಸಲು ಹೋದ. ಅಪ್ಪ ಕೊಂಪೆಯಿಂದಲೇ ಗದರಿಸಿದ, “ಏ! ಉಂಡು ಮಲಗಿದ ಮಂದೀಗಿ ಎಬ್ಬಸ್ತಿ ಏನ್ಲೇ? ಹಬ್ಬದ ದಿನಾ? ಮನಿತನದ ಮರ್ಯಾದಿ ತಗೀಬ್ಯಾಡ.”

“ಅಪ್ಪಾ, ಹೊತ್ತು ಹೋಗ್ಲಾಕತ್ಯದ.”

“ಹೋಗ್ಲಿ. ನಾಳಿ ಮತ್ತ ಬರ್ತದ.”

ವಿಠ್ಠಲ ಬೆನ್ನು ತಿರುಗಿಸಿ ನಿಂತ. ಹದಿನೇಳು ವರ್ಷದ ಪೋರ, ಮೀಸೆ ಬಂದಿತ್ತು, ಅಳುತ್ತಿದ್ದ. ಮೂಗು ಒರೆಸಿಕೊಳ್ಳುವುದು ಕಂಡಿತು.

ಅಪ್ಪ ಹೇಳಿದ್ದು ಎಬ್ಬಿಸಬಾರದು ಎಂದು. ಬಾಲು ಮುಟ್ಟಬಾರದು ಎಂದು ಹೇಳಿರಲಿಲ್ಲ. ನಾನು ಬಲೆಯ ಚೀಲದಿಂದ ಒಂದು ಹೊಸ ಬಾಲು ತೆಗೆದೆ. ಯಾದಯ್ಯ ಅಂಗಾತ ಮಲಗಿದ್ದ, ಬಾಯಿ ತೆರೆದಿತ್ತು. ಅವನ ಹೊಟ್ಟೆಯ ನೇರಕ್ಕೆ ಬಾಲು ಎತ್ತಿ ಹಿಡಿದು ಬಿಟ್ಟೆ.

ಅದು ಬೀಳಲಿಲ್ಲ. ಅವನ ಎರಡೂ ಕೈ ಮೇಲೆ ಬಂದು ಹಿಡಿದವು. ಕಣ್ಣು ಮುಚ್ಚೇ ಇತ್ತು. ಬಾಲು ಹಿಡಿದು ಎದೆಗೆ ಒತ್ತಿಕೊಂಡು, ಮಗ್ಗುಲಾಗಿ, ಮತ್ತೆ ಗೊರಕೆ ಹೊಡೆದ.

ಮೊದಲು ನಕ್ಕವನು ಅಪ್ಪ. ನಮ್ಮ ಅಪ್ಪ ನಗುವುದು ವರ್ಷಕ್ಕೊಮ್ಮೆ. ಅವನ ನಗು ಕೇಳಿ ಪೋರರು ನಕ್ಕರು, ಎತ್ತು ಎದ್ದವು, ಸಾಹೇಬರು ಹ್ಯಾಟು ಸರಿಸಿ ಎದ್ದು ಕೂತರು. ಯಾದಯ್ಯ ಕಣ್ಣು ತೆರೆದು ಎದೆಯ ಮೇಲಿನ ಬಾಲು ನೋಡಿದ, ನನ್ನನ್ನು ನೋಡಿದ. “ಗೋಲ್ ಆಯ್ತೇನು?” ಎಂದ.

“ಆಗ್ಲಿಲ್ರಿ, ಹಿಡದ್ರಿ” ಎಂದೆ.

ಜೋಳದ ದಂಟಿನ ಸಿವುಡು ನಿಲ್ಲಿಸಿ ಗೋಲು ಮಾಡಿದರು. ಎಣಿಸಿದರೆ ನಮ್ಮಲ್ಲಿ ಒಬ್ಬರು ಕಡಿಮೆ. ಗೋಲಿನವನು ಕುಶನೂರಿನಲ್ಲಿ ಮಾವನ ಅಂಬಲಿ ಕುಡಿಯುತ್ತಿದ್ದ. ಪೂರಾ ಟೀಮು ಇಲ್ಲವೆಂದರೆ ಮ್ಯಾಚೇ ಇಲ್ಲ. ವಿಠ್ಠಲ ನನ್ನ ಕಡೆ ನೋಡಿದ. ಕೂಗಲೂ ಇಲ್ಲ. ನಾನೇ ಲಂಗ ಸಿಕ್ಕಿಸಿಕೊಂಡು ಹೋಗಿ ನಿಂತೆ.

“ಲಡಕೀ ಹೈ ನಾ?” ಹುಡುಗಿ ಅಲ್ಲವೇನು ಎಂದರು ಸಾಹೇಬರು.

“ಅಭೀ ಕೇ ಲಿಯೇ, ಸಾಬ್” ಎಂದ ಹಮೀದ. ಈಗಿನ ಮಟ್ಟಿಗೆ. ಅವನು ಹಾಗೆಂದದ್ದು ನನಗೆ ನೆನಪಿದೆ.

ಯಾದಯ್ಯ ಆ ಕಡೆಯ ಗೋಲಿಗೆ ಹೋಗುವ ಮೊದಲು ನನ್ನ ಬಳಿ ಬಂದ. ನನ್ನ ಎರಡೂ ಹೆಬ್ಬೆರಳು ಹಿಡಿದು ಹತ್ತಿರ ಮಾಡಿದ. “ಗೋಡಿ ಹಂಗ ನಿಂದ್ರಬ್ಯಾಡಮ್ಮಾ. ಬೆಕ್ಕು ನಿಂದ್ರತದಲ್ಲ, ಹಂಗ” ಎಂದ.

ಆಟ ಶುರುವಾಯಿತು. ಪಗಾರದ ಆಟಗಾರರು ಓಡಿದರೆ ಅವರ ಹೊಟ್ಟೆಯಲ್ಲಿ ಅಂಬಲಿ ಕುಲುಕುವುದು ಕೇಳುತ್ತಿತ್ತು. ನಮ್ಮವರೂ ಹಾಗೇ. ಇಳಿಬಿಸಿಲಲ್ಲಿ ಧೂಳು ಎದ್ದು ಎಲ್ಲರೂ ಹಳದಿಯಾಗಿ ಕಂಡರು. ಓಟವೂ ನಿಧಾನ, ಬಾಲೂ ನಿಧಾನ, ನೀರೊಳಗೆ ಆಡಿದ ಹಾಗೆ. ಅಕ್ಕಪಕ್ಕದ ಹೊಲದವರೆಲ್ಲ ಬಂದು ಬದುವಿನ ಮೇಲೆ ಕೂತರು. ವಿಠ್ಠಲ ಮಾತ್ರ ಏನೂ ಉಣ್ಣದವನ ಹಾಗೆ ಓಡುತ್ತಿದ್ದ. ಅವನು ಖರೇ ಉಂಡಿರಲಿಲ್ಲ ಎಂದು ಅವ್ವ ಆಮೇಲೆ ಹೇಳಿದಳು.

ಅವರ ಕಡೆಯ ಒಬ್ಬ ಬಾಲು ತಂದು ನನ್ನ ಮುಂದೆ ನಿಂತ. ಹೆಣ್ಣುಮಗು ಎಂದು ಕಾಲಿನ ತುದಿಯಿಂದ ಮೆಲ್ಲಗೆ ನೂಕಿದ. ಎತ್ತಿಕೊಂಡು ಅವನ ಕಾಲಿಗೇ ತಿರುಗಿ ಒಗೆದೆ.

“ಹಿಂಗ್ಯಾಕ ಹೊಡೀತಿ? ನಾ ಏನ್ ತೊಟ್ಟಲಾಗಿನ ಕೂಸಾ?”

ಬದುವಿನ ಮೇಲಿದ್ದವರು ಹೋ ಎಂದರು. ಅವನಿಗೆ ಸಿಟ್ಟು ಬಂತೋ ನಾಚಿಕೆ ಬಂತೋ, ಎರಡನೇ ಸಲ ಖರೇ ಹೊಡೆದ. ನನಗೆ ಬಾಲು ಕಾಣಲಿಲ್ಲ. ಕೈ ತಾನೇ ಮೇಲೆ ಹೋಯಿತು. ಅಂಗೈ ಸುಟ್ಟಂತಾಯಿತು, ಬಾಲು ಕೈಯನ್ನು ಹಿಂದಕ್ಕೆ ತಳ್ಳಿಕೊಂಡು ಬಂದು ಮೂಗಿಗೆ ಬಡಿಯಿತು. ಕೂತುಬಿಟ್ಟೆ. ಬಾಯಲ್ಲಿ ಉಪ್ಪು. ಲಂಗದ ಮೇಲೆ ರಕ್ತ. ಬಾಲು ಎಲ್ಲಿ ಎಂದು ನೋಡಿದರೆ ನನ್ನ ತೊಡೆಯ ಮೇಲೇ ಇತ್ತು. ಗೋಲಿನ ಒಳಗೆ ಹೋಗಿರಲಿಲ್ಲ.

ಅವ್ವ ಈರುಳ್ಳಿ ಜಜ್ಜಿಕೊಂಡು ಓಡಿ ಬಂದಳು. ಹೊಡೆದವನು ಕೈ ಕೈ ಹಿಸುಕಿಕೊಳ್ಳುತ್ತಿದ್ದ. ಅವ್ವ ಅವನಿಗೆ ಹೇಳಿದಳು, “ಇರ್ಲಿ ಬಿಡಪಾ. ಆಕಿದೇ ಸೊಕ್ಕು.” ಸಾಹೇಬರು ನನ್ನ ಮುಂದೆ ಬಂದು ಬಗ್ಗಿ ನೋಡಿದರು. ಹ್ಯಾಟು ತೆಗೆದರು. ಆಟ ಅಲ್ಲಿಗೇ ನಿಲ್ಲಿಸಿ ಹಮೀದನ ಕೈ ಕುಲುಕಿದರು.

“ಕ್ಲಬ್ ಹಮಾರಾ” ಎಂದರು.

ಪೋರರು ಕುಣಿದರು. ವಿಠ್ಠಲ ಅಪ್ಪನ ಕಾಲು ಹಿಡಿದ, ಅಪ್ಪ ಬಿಡಿಸಿಕೊಂಡ. ಬೀದರದ ಪೋರರು ಓಡುವುದರಲ್ಲಿ ಚುರುಕು, ಆದರೆ ಇಷ್ಟು ಗಟ್ಟಿಯಾಗಿ ನಿಲ್ಲುವುದನ್ನು ಅಲ್ಲಿ ನೋಡಲಿಲ್ಲ ಎಂದು ಸಾಹೇಬರು ಅಪ್ಪನಿಗೆ ಹೇಳಿದರಂತೆ. ಬಲೆಯ ಚೀಲ ಹಮೀದನ ಕೈಗೆ ಕೊಟ್ಟರು. ಮುಂದಿನ ತಿಂಗಳು ಬೂಟು ಬರುತ್ತದೆ, ಕಲಿಸುವ ಮಾಸ್ತರ ಬರುತ್ತಾನೆ ಎಂದರು. ಹೋಗುವಾಗ ನನ್ನ ಕಡೆ ಬೆರಳು ತೋರಿಸಿ ಹಮೀದನಿಗೆ ಇನ್ನೊಂದು ಮಾತು ಹೇಳಿದರು, “ಗ್ಯಾರಾ ಛೋಕ್ರೇ ಹೋನಾ. ಇನೇ ನಕ್ಕೋ.” ಹನ್ನೊಂದೂ ಗಂಡುಹುಡುಗರೇ ಬೇಕು. ಈಕೆ ಬೇಡ.

“ಜೀ ಸಾಬ್” ಎಂದ ಹಮೀದ. ವಿಠ್ಠಲ ಬಾಲು ಒರೆಸುತ್ತಿದ್ದ. ಕೇಳಿಸಿತ್ತು, ಗೊತ್ತು. ತಲೆ ಎತ್ತಲಿಲ್ಲ. ನಾನು ಎಮ್ಮೆ ಮೇಯಿಸುವುದನ್ನು ದಾರಿಯಲ್ಲಿ ಕೇಳಿ ತಿಳಿದಿದ್ದ ಯಾದಯ್ಯ ಒಬ್ಬನೇ ಹೇಳಿದ, “ಸಾಬ್, ಈಕಿಗಿ ನಿಂದ್ರಸ್ರಿ, ನಾ ಇವರ ಎಮ್ಮಿ ಮೇಸ್ತೀನಿ.” ಎಲ್ಲರೂ ನಕ್ಕರು. ನಗೆಯಲ್ಲಿ ಮಾತು ಹೋಯಿತು. ಹೊತ್ತು ಮುಳುಗುವಾಗ ಅವರು ಹಳಿಯ ಗುಂಟ ನಡೆದು ಹೋದರು. ಒಬ್ಬೊಬ್ಬರ ಕೈಯಲ್ಲೂ ಅವ್ವ ಕಟ್ಟಿಕೊಟ್ಟ ರೊಟ್ಟಿಯ ಗಂಟು.

ಆ ಜೋಡಿ ಬಹಳ ವರ್ಷ ನಡೆಯಿತು. ಹಮೀದ ಹೈದರಾಬಾದಿಗೆ ಹೋಗಿ ಪಗಾರ ತಗೊಂಡು ಆಡಿದ. ವಿಠ್ಠಲ ಹೋಗಲಿಲ್ಲ, ಆದರೆ ಆ ತುಣುಕಿನಲ್ಲಿ ಅಪ್ಪ ಇರುವವರೆಗೂ ನೇಗಿಲು ಹೊಡೆಯಲಿಲ್ಲ. ಮಿಲ್ಲು ಮುಚ್ಚಿದ ಮೇಲೆ ಟೀಮೂ ಹೋಯಿತು. ಈಗ ಆ ಜಾಗದಲ್ಲಿ ಪ್ಲಾಟು ಮಾಡಿ ಕಲ್ಲು ನೆಟ್ಟಿದ್ದಾರೆ. ಎಳ್ಳ ಅಮಾವಾಸ್ಯೆಗೆ ಕಾರಿನಲ್ಲಿ ಹೋಗಿ, ಉಂಡು, ಫೋಟೋ ಹಿಡಿದು ಬರುತ್ತಾರೆ. ದಾರಿಯಲ್ಲಿ ಹೋಗುವವರಿಗೆ ಯಾರೂ ಅಡ್ಡ ನಿಲ್ಲುವುದಿಲ್ಲ. ನಿಂತರೆ ಗಾಡಿ ಹಾಯುತ್ತದೆ.

ನನ್ನ ಮೊಮ್ಮಗಳು ಬೀದರದಲ್ಲಿ ಹುಡುಗಿಯರ ಕ್ಲಬ್ಬಿನಲ್ಲಿ ಗೋಲಿಗೆ ನಿಲ್ಲುತ್ತಾಳೆ. ಅವರ ಕ್ಲಬ್ಬಿಗೂ ಒಂದು ದೊಡ್ಡ ಊರಿನ ಟೀಮು ಜೋಡಿಯಾಗಿದೆ. ಅಂಗಿ, ಕೈಗವಸು, ಬೂಟು ಎಲ್ಲ ಪಾರ್ಸೆಲ್ಲಿನಲ್ಲಿ ಬರುತ್ತದೆ. ಮಾಸ್ತರ ಫೋನಿನೊಳಗೆ ಕಲಿಸುತ್ತಾನೆ. “ಆ ಟೀಮಿನವ್ರು ಊಟಕ್ಕ ಬಂದಿದ್ರೇನ?” ಎಂದು ಕೇಳಿದೆ. “ಅವರು ಯಾಕ ಬರ್ತಾರ ಆಯಿ?” ಎಂದಳು. ಆಕೆಯನ್ನು ಯಾರೂ ಬೇಡ ಎಂದಿಲ್ಲ. ಅದು ಒಳ್ಳೆಯದಾಯಿತು. ಆದರೆ ಪಗಾರದ ಆಟಗಾರ ಅಂಗಾತ ಮಲಗಿ ನಿದ್ದೆಯಲ್ಲಿ ಬಾಲು ಹಿಡಿದದ್ದನ್ನು ಆಕೆ ನೋಡುವುದಿಲ್ಲ. ಹೆಬ್ಬೆರಳು ಹಿಡಿದು ಹೀಗೆ ಇಡು ಎಂದು ತೋರಿಸಲು ಫೋನಿಗೆ ಕೈ ಇಲ್ಲ.

ಆ ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ವಿಠ್ಠಲ ಹೊಸ ಬಾಲು ಹಿಡಿದು ಬಾಗಿಲಲ್ಲಿ ನಿಂತ. ನನ್ನ ಮೂಗು ಬಾತು ಹಾಗಲಕಾಯಿಯಾಗಿತ್ತು.

“ಶಾಂತಿ, ಬಾ. ಕುಶನೂರಿಂದ ಅಂವಾ ಇನ್ನಾ ಬಂದಿಲ್ಲ. ಇವತ್ತೊಂದ್ ದಿನಾ ನಿಂದ್ರು.”

“ಎಮ್ಮಿಗಿ ನಿಂದ್ರಸ್ಕೊ ಹೋಗು” ಎಂದೆ.

ಅವನು ಬಾಲು ಕಂಕುಳಲ್ಲಿ ಇಟ್ಟುಕೊಂಡು ಹೋದ. ನಾನು ಅವ್ವನ ಹಿಂದೆ ಕಡಲೆ ಹೊಲಕ್ಕೆ ಸೊಪ್ಪು ಚಿವುಟಲು ಹೋದೆ. ಆ ಹೊತ್ತಿನಲ್ಲಿ ಕಡಲೆ ಗಿಡದ ಮೇಲೆ ಹುಳಿ ಇಬ್ಬನಿ ಇರುತ್ತದೆ. ಬಾಲು ತರಚಿದ ಅಂಗೈಗೆ ಅದು ಹತ್ತಿ ಚುರುಚುರು ಉರಿಯಿತು. ಹಳಿಯ ಕಡೆಯಿಂದ ಪೋರರ ಕೂಗು ಬರುತ್ತಿತ್ತು. ಆ ಕಡೆ ಬೆನ್ನು ಹಾಕಿ, ಉಡಿ ತುಂಬುವವರೆಗೂ ಚಿವುಟಿದೆ.